ಎಲ್ಲಿ ಅಂತಲ್ಲ, ಯಾವಾಗ ಅಂತ

ಆ ಸದ್ದು ಬರುತ್ತಿದ್ದದ್ದು ಕಾರಿನಲ್ಲಿ ನಾನೊಬ್ಬಳೇ ಇದ್ದಾಗ. ಪಕ್ಕದಲ್ಲಿ ಯಾರಾದರೂ ಕೂತರೆ ಮಾಯ. ಮುಂದಿನ ಎಡಚಕ್ರದ ಹತ್ತಿರ, ಇಲಿಮರಿಯ ಬಾಲ ತುಳಿದ ಹಾಗೆ ಕೀಂಚ್ ಎಂದು ಒಂದು ಸಲ. ಆಮೇಲೆ ಅರ್ಧ ಮೈಲಿ ಏನೂ ಇಲ್ಲ. ಮತ್ತೆ ರಸ್ತೆಯ ಉಬ್ಬು ದಾಟುವಾಗ ಎರಡು ಸಲ. ಇನ್ನೇನು ನಿಂತಿತು ಎಂದುಕೊಂಡು ಕುವೆಂಪುನಗರದ ನಮ್ಮ ಮನೆಯ ಗೇಟಿನೊಳಗೆ ತಿರುಗಿಸಬೇಕು, ಆಗ ಉದ್ದಕ್ಕೆ ಒಂದು ಸಲ.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ನನ್ನ ಗಂಡನ ಎಡಗಣ್ಣಿನ ಪರದೆ ಕಳಚಿಕೊಂಡು, ಡಾಕ್ಟರು ಇನ್ನು ಗಾಡಿ ಓಡಿಸಕೂಡದು ಎಂದಿದ್ದರು. ಸೆಕೆಂಡ್‌ಹ್ಯಾಂಡ್ ಬಿಳಿ ಕಾರು ಷೆಡ್ಡಿನಲ್ಲಿ ನಿಂತಿತ್ತು. ಮಾರುವ ಬದಲು ನಾನೇ ಕಲಿತೆ, ನಲವತ್ತೆರಡನೆಯ ವಯಸ್ಸಿನಲ್ಲಿ. ನಾನಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹದಿನೆಂಟು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದುಡಿದವಳು. ಗರಗರ ಎನ್ನುವ ಟ್ರಂಕ್ ಲೈನಿನಲ್ಲಿ ಆಚೆಯ ತುದಿಯವರು ಹಲೋ ಎಂದರೆ ಸಾಕು, ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಹೇಳಬಲ್ಲವಳಾಗಿದ್ದೆ. ಆ ಕಿವಿಯನ್ನು ಯಾರೂ ನಂಬಲಿಲ್ಲ.

ಮೊದಲನೆಯ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದು, ಏನೂ ಕೇಳಿಸದೆ, ಸುಮ್ಮನೆ ಬ್ರೇಕಿನ ಪ್ಯಾಡ್ ಬದಲಿಸಿದ. ಎರಡನೆಯವನು ಬಾನೆಟ್ಟಿನ ಕೀಲಿಗೆ ಎಣ್ಣೆ ಬಿಟ್ಟ. ಮೂರನೆಯವನು ನನ್ನ ಜೊತೆ ಮಾತೇ ಆಡಲಿಲ್ಲ, ನನ್ನ ಗಂಡನಿಗೆ ಹೇಳಿದ: "ಸಾರ್, ಮೇಡಂಗೆ ಹೊಸದಾಗಿ ಡ್ರೈವಿಂಗು. ಹೊಸಬರಿಗೆ ಇಲ್ದಿರೋ ಸದ್ದೆಲ್ಲ ಕೇಳ್ತದೆ."

ನನ್ನ ಗಂಡ ನಗಲಿಲ್ಲ, ಅಷ್ಟೇ ಪುಣ್ಯ. ಆದರೆ ಮನೆಗೆ ಬಂದ ಮೇಲೆ, "ಬಿಟ್ಟುಬಿಡು ಕಣೇ, ಹಳೇ ಗಾಡಿ," ಎಂದರು. ಬಿಡಲು ಆಗುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಕಾರು ತೆಗೆದುಕೊಂಡು ಹೊರಡುವುದು, ಕಿಟಕಿ ಇಳಿಸಿ ಕಾಯುವುದು, ಬಂದರೆ ಭಯ, ಬಾರದಿದ್ದರೆ ನನ್ನ ತಲೆಯ ಮೇಲೇ ಅನುಮಾನ. ಮುಂದಿನ ಭಾನುವಾರ ನಾದಿನಿಯನ್ನೂ ಅವಳ ಎರಡು ಮಕ್ಕಳನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಇಳಿಜಾರಿನ ಆ ತಿರುವುಗಳನ್ನು ರಾತ್ರಿ ಮಲಗಿದಲ್ಲೇ ಒಂದೊಂದಾಗಿ ಎಣಿಸುತ್ತಿದ್ದೆ.

ವಿದ್ಯಾರಣ್ಯಪುರಂನಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ, ತಲೆ ಕೆಟ್ಟ ಗಾಡಿಗಳೆಲ್ಲ ಅಲ್ಲಿಗೇ ಹೋಗುವುದು ಎಂದು ಎಕ್ಸ್‌ಚೇಂಜಿನ ಗೆಳತಿ ಹೇಳಿದಳು.

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶೀಟು ಹೊದಿಸಿದ ವರ್ಕ್‌ಶಾಪ್. ಐವತ್ತೈದರ ಆಸುಪಾಸಿನ ಎತ್ತರದ ಆಳು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಅದರ ಕೆಳಗೆ ಬೆವರು ಒರೆಸಿಕೊಂಡಾಗ ಎಳೆದ ಗ್ರೀಸಿನ ನಾಲ್ಕನೆಯ ಗೆರೆ. ಮಠದ ಹಾಸ್ಟೆಲಿನಲ್ಲಿ ಓದಿದವರು. ಸ್ವಾಮಿಗಳ ಜೀಪು ಕೆಟ್ಟಾಗಲೆಲ್ಲ ಅದರ ಕೆಳಗೆ ತೂರಿಕೊಂಡು ಪಾಠ ತಪ್ಪಿಸಿದ್ದರಿಂದ ಈ ಕೆಲಸಕ್ಕೆ ಬಿದ್ದವರಂತೆ. ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಕಾಫಿಯನ್ನೂ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಕುಡಿಯುತ್ತಿದ್ದರು. ಅವರ ಹೆಂಡತಿ ಲೋಟ ಹಿಡಿದು ಹಿಂದಿನಿಂದ, "ಒಂದ್ ಗಳಿಗೆ ನಿಂತ್ಕೊಳ್ರೀ, ಚೆಲ್ತದೆ," ಎಂದು ಗೊಣಗುತ್ತ ಬರುತ್ತಿದ್ದರು.

ನಾನು ಎಡಗಡೆ ಮುಂದಿನ ಚಕ್ರ ಎಂದು ಶುರುಮಾಡಿದ ಕೂಡಲೇ ಅವರು ಕೈ ಅಡ್ಡ ಹಿಡಿದರು.

"ಎಲ್ಲಿ ಅಂತ ಹೇಳ್ಬೇಡಿ ಮೇಡಂ. ಎಲ್ಲಿ ಅಂತ ಹುಡುಕೋದು ನನ್ ಕೆಲ್ಸ. ಯಾವಾಗ ಅಂತ ಹೇಳಿ."

"ಯಾವಾಗಲೋ ಬರುತ್ತೆ, ಯಾವಾಗಲೋ ಹೋಗುತ್ತೆ."

"ಅಂಗನ್ನೋ ಸದ್ದು ಇಲ್ವೇ ಇಲ್ಲ. ಮೂರು ದಿನ ಓಡ್ಸಿ. ಮೆಲ್ಲಗೆ ಓಡ್ಸಿ, ಮೂವತ್ತು ದಾಟ್ಬೇಡಿ. ಒಂದು ಪುಸ್ತಕದಲ್ಲಿ ಬರ್ಕೊಳಿ. ಬೆಳಿಗ್ಗೆಯೋ ಮಧ್ಯಾಹ್ನವೋ, ಬಿಸ್ಲೋ ಮಳೆಯೋ, ತಿರುಗ್ಸಿದಾಗ್ಲೋ ನೆಟ್ಟಗೆ ಹೋಗೋವಾಗ್ಲೋ, ಬ್ರೇಕ್ ಒತ್ತಿದ್ರೆ ನಿಲ್ತದೋ ಇಲ್ವೋ. ಬಂದಾಗ ಬರ್ಕೊಂಡಂಗೇ ಬಾರ್ದೇ ಇದ್ದಾಗ್ಲೂ ಬರ್ಕೊಳಿ."

ಕೇಳಿಸಿತೆಂದು ಹೇಳಿದ್ದನ್ನು ಹೌದೋ ಅಲ್ಲವೋ ಎಂದು ತನಿಖೆ ಮಾಡದೆ ಕೆಲಸಕ್ಕೆ ಇಳಿದ ಮೊದಲನೆಯ ಮನುಷ್ಯ ಅವರು. ಮನೆಗೆ ಹೋಗುವಾಗ ಸದ್ದು ಬಂತು. ಆವತ್ತು ಅದು ನನಗೆ ಅಷ್ಟು ಭಯ ಹುಟ್ಟಿಸಲಿಲ್ಲ.

ಗುರುವಾರ ಪುಸ್ತಕ ಒಯ್ದುಕೊಟ್ಟೆ. ನಿಂತೇ ಓದಿದರು. ಮಳೆ ಬಿದ್ದ ದಿನ ಒಂದು ಸಲವೂ ಇಲ್ಲ. ಬ್ರೇಕಿಗೂ ಅದಕ್ಕೂ ಸಂಬಂಧವಿಲ್ಲ. ಉಬ್ಬು ದಾಟುವಾಗ, ಸ್ಟೇರಿಂಗ್ ಪೂರಾ ತಿರುಗಿಸಿದಾಗ ಹೆಚ್ಚು.

"ಪಕ್ಕದ ಸೀಟಲ್ಲಿ ಯಾರಾದ್ರೂ ಇದ್ದಾಗ?"

"ಒಂದು ಸಲವೂ ಬಂದಿಲ್ಲ."

"ಆ ಮೂರು ಜನ ನೋಡಿದ್ರಲ್ಲ, ಅವರೆಲ್ಲಿ ಕೂತಿದ್ರು?"

"ಪಕ್ಕದ ಸೀಟಲ್ಲಿ."

ಅವರು ಹಲ್ಲು ಬಿಟ್ಟು ನಕ್ಕರು. "ಮೂರು ಜನವೂ ಸದ್ದಿನ ತಲೆ ಮೇಲೇ ಕೂತ್ಕೊಂಡು ಸದ್ದಿಲ್ಲ ಅಂದವ್ರೆ ಕಣಮ್ಮ."

ಮರಳಿನ ಮೂಟೆಯೊಂದನ್ನು ತಂದು ಪಕ್ಕದ ಸೀಟಿನ ಮೇಲಿಟ್ಟು, ವರ್ಕ್‌ಶಾಪಿನ ಮುಂದಿನ ಉಬ್ಬನ್ನು ಹತ್ತಿಸಿ ಇಳಿಸಿರಿ ಎಂದರು. ಸದ್ದಿಲ್ಲ. ಮೂಟೆ ತೆಗೆದರು. "ಈಗ ಹೋಗಿ. ಬಂದಾಗ ಕೈ ಎತ್ತಿ." ನಾನು ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದರೆ ಅವರು ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈ ಊರಿಕೊಂಡು ಬಾಗಿ ಜೊತೆಗೇ ನಡೆದರು. ಆಮೇಲೆ ಕಾರು ನಿಲ್ಲಿಸಿ, ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಿರಿ ಎಂದು ಹೇಳಿ, ಚಕ್ರದ ಹಿಂದೆ ಕೈ ತೂರಿಸಿ ಕುಳಿತರು. ನಾಲ್ಕನೆಯ ಸಲ ತಿರುಗಿಸಿದಾಗ ಸದ್ದು ಬಂತು. ಎಂದೂ ಬಾರದಷ್ಟು ಉದ್ದಕ್ಕೆ, ಚೂರಿಯ ಹಾಗೆ. ಎದುರುಮನೆಯ ಜಗಲಿಯ ಮೇಲೆ ಮಲಗಿದ್ದ ನಾಯಿ ತಲೆ ಎತ್ತಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ತಿರುಗಿ ನೋಡಿದ.

ಮೇಸ್ತ್ರಿ ಚಕ್ರದಿಂದ ಒಂದು ಗೇಣು ದೂರದಲ್ಲಿದ್ದರು. ಮುಖ ನನ್ನ ಕಡೆ ಎತ್ತಿ, ನನ್ನ ಕೈಯನ್ನೇ ನೋಡುತ್ತ, "ಬಂತಾ?" ಎಂದು ಕೇಳಿದರು.

ನಾನು ಕೈ ಎತ್ತಿದೆ. ಎತ್ತುವಾಗಲೇ ನನಗೆ ಗೊತ್ತಾಯಿತು. ಕಿವಿ ಹೋಗುತ್ತಿರುವವರನ್ನು ಹದಿನೆಂಟು ವರ್ಷ ಫೋನಿನಲ್ಲಿ ಕೇಳಿದವಳು ನಾನು. ತಾವು ಹೇಳುವುದನ್ನು ಕಡಿಮೆ ಮಾಡಿ ನಮ್ಮಿಂದ ಹೇಳಿಸುತ್ತಾರೆ. ಇವರಿಗೆ ಮಾತು ಕೇಳಿಸುತ್ತಿತ್ತು, ಎಷ್ಟೇ ಜೋರಾಗಿದ್ದರೂ ಸೀಟಿಯಂಥ ಸಣ್ಣ ಸ್ವರದ ಸದ್ದುಗಳು ಮಾತ್ರ ಇಲ್ಲ. ಆ ಕೀಂಚನ್ನು ಅವರು ಒಂದು ಸಲವೂ ಕೇಳಿರಲಿಲ್ಲ.

ಕೇಳದೆಯೇ ಹಿಡಿದರು. ಬೆರಳಿಗೆ ಕಬ್ಬಿಣದ ನಡುಕ ಸಿಕ್ಕಿತ್ತು. ಕಾರನ್ನು ಜಾಕಿನ ಮೇಲೆ ಎತ್ತಿ ಚಕ್ರ ಬಿಚ್ಚಿದರು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಒಂದು ಗುಂಡು ಕೀಲು ಇರುತ್ತದೆ, ನಮ್ಮ ತೊಡೆಯ ಕೀಲಿನ ಹಾಗೆ. ಬಾಲ್ ಜಾಯಿಂಟ್ ಎನ್ನುತ್ತಾರೆ. ಅದರ ರಬ್ಬರ್ ಟೊಪ್ಪಿಗೆ ಹರಿದು, ಗ್ರೀಸೆಲ್ಲ ತೊಳೆದುಹೋಗಿ, ಗುಂಡು ತುಕ್ಕು ಹಿಡಿದು ಸವೆದಿತ್ತು. ಮಳೆಯ ನೀರು ಒಳಹೊಕ್ಕ ದಿನ ಸುಮ್ಮನಿರುತ್ತಿತ್ತು. ಪಕ್ಕದಲ್ಲಿ ಭಾರ ಬಿದ್ದರೆ ಸವೆದ ಜಾಗ ಬಿಟ್ಟು ಬೇರೆ ಕಡೆ ಒರಗಿ ಸುಮ್ಮನಿರುತ್ತಿತ್ತು. ಅವರು ಅದನ್ನು ಬಿಚ್ಚಿ ತಂದು ನನ್ನ ಮುಂದೆ ಹಿಡಿದು ಎರಡು ಬೆರಳಿನಲ್ಲಿ ಎಳೆದರು. ಗುಂಡು ಬಟ್ಟಲಿನಿಂದ ಹಲಸಿನ ಬೀಜದ ಹಾಗೆ ಜಾರಿ ಕೈಗೆ ಬಂತು.

"ಇದು ಓಡೋವಾಗ ಕಳಚಿ ಬಂದಿದ್ರೆ ಚಕ್ರ ಮಡಚ್ಕೊಳ್ತಿತ್ತು," ಎಂದರು. "ಭಾನುವಾರ ಬೆಟ್ಟಕ್ಕೆ ಅಂದ್ರಲ್ಲ?"

ನಾದಿನಿಯ ಆ ಎರಡು ಮಕ್ಕಳು ಕಣ್ಣ ಮುಂದೆ ಬಂದರು. ಅವರ ಹೆಂಡತಿ ಓಡಿಬಂದು ಮಣೆ ಹಾಕಿ ನನ್ನನ್ನು ಕೂರಿಸಿ ನೀರು ಕೊಟ್ಟರು.

ಆಮೇಲೆ ಒಂದು ವರ್ಷ ನನ್ನ ಕಾರಿನ ರಿಪೇರಿಯೆಲ್ಲ ಅವರ ಕೈಯಲ್ಲೇ ಇತ್ತು. ಅವರ ಕಿವಿಯ ವಿಚಾರ ನಾನು ಯಾರಿಗೂ ಹೇಳಲಿಲ್ಲ. ಹೇಳುವುದು ಉಪಕಾರವೋ ದ್ರೋಹವೋ ತಿಳಿಯಲಿಲ್ಲ. ಕಿವುಡ ಮೆಕ್ಯಾನಿಕ್ ಎಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಆದರೂ ಪ್ರತಿ ಸಲ ವರ್ಕ್‌ಶಾಪಿನಿಂದ ಹೊರಡುವಾಗ ನಾಲಿಗೆಯ ತುದಿಗೆ ಬಂದದ್ದು ಹಾಗೇ ಒಳಗೆ ಹೋಗುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಯಾದವಗಿರಿಯ ನಿವೃತ್ತ ಇಂಜಿನಿಯರೊಬ್ಬರು ಕ್ಲಚ್ಚಿನ ಕೇಬಲ್ ಬದಲಿಸಲು ಕಾರು ಬಿಟ್ಟರು. ಮೇಸ್ತ್ರಿ ಬದಲಿಸಿ, ಎರಡು ಸುತ್ತು ಓಡಿಸಿ ನೋಡಿ ಕೊಟ್ಟರು. ಆ ಕಾರಿನ ಬ್ರೇಕು ಸವೆದು, ಒತ್ತಿದಾಗಲೆಲ್ಲ ಕಿರುಚುತ್ತಿತ್ತು. ಮೇಸ್ತ್ರಿಯೇ ಓಡಿಸಿ ನೋಡಿ ಏನೂ ಹೇಳಲಿಲ್ಲವಲ್ಲ, ಹಾಗಾದರೆ ಪರವಾಗಿಲ್ಲ ಎಂದುಕೊಂಡರು ಇಂಜಿನಿಯರು. ಹದಿನೈದು ದಿನದ ಮೇಲೆ ಅಗ್ರಹಾರದ ಹತ್ತಿರ ಬ್ರೇಕು ಹಿಡಿಯದೆ ಕಾರು ರಸ್ತೆಬದಿಗೆ ನುಗ್ಗಿ, ಹೂ ಮಾರುತ್ತಿದ್ದ ಹೆಂಗಸಿಗೆ ತಗುಲಿತು. ಆಕೆ ಉಳಿದಳು. ಬಲಗೈಯ ಮಣಿಕಟ್ಟು ಮುರಿಯಿತು.

ಸುದ್ದಿ ಕೇಳಿದಾಗ ನಾನು ಡ್ಯೂಟಿಯಲ್ಲಿದ್ದೆ. ಹೆಡ್‌ಫೋನ್ ತೆಗೆದಿಟ್ಟು, ಅರ್ಧ ದಿನ ರಜೆ ಬರೆದು ಸೀದಾ ವಿದ್ಯಾರಣ್ಯಪುರಂಗೆ ಹೋದೆ. ಮೇಸ್ತ್ರಿ ಶೀಟಿನ ಕೆಳಗೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಕೈಯಲ್ಲಿ ಯಾವ ಸ್ಪ್ಯಾನರೂ ಇರಲಿಲ್ಲ.

"ನನಗೆ ಗೊತ್ತಿತ್ತು ಮೇಸ್ತ್ರಿ," ಎಂದೆ. "ಮೊದಲನೇ ದಿನದಿಂದ ಗೊತ್ತಿತ್ತು. ನಾನು ಹೇಳಬೇಕಿತ್ತು."

ಅವರು ನಿಂತರು. "ನಿಮ್ಗೆ ಗೊತ್ತು ಅನ್ನೋದು ನನಗೂ ಗೊತ್ತಿತ್ತು ಮೇಡಂ. ಆವತ್ತು ನೀವು ಕೈ ಎತ್ತಿದ್ ರೀತಿನಲ್ಲೇ ಗೊತ್ತಾಯ್ತು. ಇವ್ರು ಯಾರಿಗೂ ಹೇಳ್ದೆ ಇರ್ಲಪ್ಪಾ ಅಂತ ದಿನಾ ಕೇಳ್ಕೊಂಡೆ. ಇಬ್ರೂ ಸುಮ್ನಿದ್ಬುಟ್ವಿ."

ಮತ್ತೆ ನಡೆಯತೊಡಗಿದರು. "ಎಂಟು ವರ್ಷ ಆಯ್ತು. ಕುಕ್ಕರ್ ಸೀಟಿ ಕೇಳ್ಸಲ್ಲ. ಮನೇಲಿ ಇವಳಿಗೆ ಮಾತ್ರ ಗೊತ್ತು. ಕೈಯಲ್ಲಿ ಕೇಳ್ತೀನಿ ಅನ್ನೋ ಗರ್ವ ನನಗೆ. ಆ ಬ್ರೇಕಿನ ಮೇಲೆ ನಾನು ಕೈ ಇಟ್ಟಿರ್ಲಿಲ್ವಲ್ಲ ಮೇಡಂ, ಕಾಲಿಟ್ಟಿದ್ದೆ."

ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಇಂಜಿನಿಯರು ತಪ್ಪನ್ನು ತಮ್ಮದೆಂದೇ ಪೊಲೀಸರಿಗೆ ಬರೆದುಕೊಟ್ಟಿದ್ದರು. ಮೇಸ್ತ್ರಿಯ ಹೆಸರು ಎಲ್ಲೂ ಬಂದಿರಲಿಲ್ಲ, ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಅವರು ಸುಮ್ಮನಿರಲಿಲ್ಲ. ಆಸ್ಪತ್ರೆಗೆ ಹೋಗಿ ಆ ಹೆಂಗಸಿನ ಎದುರು ನಿಂತು, ಹೀಗೆ ಹೀಗಾಯಿತು, ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಿಬಂದರು. ಬೆಳಗಾದರೆ ಮಾರ್ಕೆಟ್ಟಿಗೆ ಹೋಗಿ ಅವಳ ಹೂವಿನ ಬುಟ್ಟಿ ಹೊತ್ತು ತರತೊಡಗಿದರು. ಅವಳ ಕೈಗೆ ಪ್ಲಾಸ್ಟರ್ ಹಾಕಿದ್ದ ಆರು ವಾರವೂ ಈ ಎತ್ತರದ ಆಳು ಅಗ್ರಹಾರದ ರಸ್ತೆಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸೇವಂತಿಗೆ ಕಟ್ಟಿದರು. ಬಾಳೆನಾರನ್ನು ಬೋಲ್ಟು ಬಿಗಿಯುವ ಹಾಗೆ ಬಿಗಿದು ಹೂವಿನ ಕತ್ತು ಕತ್ತರಿಸುತ್ತಿದ್ದರು. ಕೊನೆಗೆ ಅವಳೇ, "ಸಾಕು ಬುಡಪ್ಪ ಮಾರಾಯ, ನೀನ್ ಕಟ್ಟಿದ್ ಹಾರ ದೇವ್ರೂ ಹಾಕಳಲ್ಲ. ಹೋಗಿ ನಿನ್ ಗಾಡಿ ನೋಡ್ಕೊ," ಎಂದು ಕಳಿಸಿದಳಂತೆ. ಇದನ್ನು ಮೇಸ್ತ್ರಿಯ ಹೆಂಡತಿ ನನಗೆ ಹೇಳುವಾಗ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು.

ವರ್ಕ್‌ಶಾಪಿನ ಮುಂದೆ ಕರಿಹಲಗೆಯೊಂದು ಬಂತು. ಸುಣ್ಣದಲ್ಲಿ, ಮಠದ ಹಾಸ್ಟೆಲಿನ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ನನಗೆ ಸಣ್ಣ ಸ್ವರದ ಸದ್ದು ಕೇಳಿಸುವುದಿಲ್ಲ. ನಿಮಗೆ ಕೇಳಿಸಿದ್ದನ್ನು ದಯವಿಟ್ಟು ಹೇಳಿ.’

"ಯಾಕ್ ಮೇಸ್ತ್ರಿ ಇದು?" ಎಂದೆ. ನನಗೇ ನಾಚಿಕೆಯಾದ ಹಾಗಿತ್ತು.

"ಗೊತ್ತಿದ್ದೂ ಬರೋರು ಬರ್ಲಿ," ಎಂದರು.

ಅರ್ಧಕ್ಕರ್ಧ ಜನ ಬರುವುದನ್ನು ನಿಲ್ಲಿಸಿದರು. ರಸ್ತೆಯಲ್ಲಿ ಹೋಗುವ ಹುಡುಗರು ಹಲಗೆಯ ಮುಂದೆ ಸೈಕಲ್ ನಿಲ್ಲಿಸಿ ಬೆಲ್ ಬಾರಿಸಿ ಓಡುತ್ತಿದ್ದರು. ಒಬ್ಬ ಹಳೆಯ ಗಿರಾಕಿಯಂತೂ ಇಷ್ಟು ವರ್ಷ ಮೋಸ ಮಾಡಿದೆಯಾ ಎಂದು ಎಲ್ಲರ ಮುಂದೆ ಕೂಗಾಡಿದ. ಮೇಸ್ತ್ರಿ ತಲೆ ಬಗ್ಗಿಸಿ ಕೇಳಿ, "ಮಾಡ್ದೆ ಸಾರ್," ಎಂದರು.

ಆಗ ಎಕ್ಸ್‌ಚೇಂಜಿನಲ್ಲೂ ನಮ್ಮ ಕೆಲಸ ಕರಗುತ್ತಿತ್ತು. ಬೀದಿಗೊಂದು ಎಸ್‌ಟಿಡಿ ಬೂತು ಬಂದು, ಜನ ತಾವೇ ನಂಬರು ಒತ್ತಿ ಮಾತಾಡಿಕೊಳ್ಳುತ್ತಿದ್ದರು. ಸ್ವಿಚ್‌ಬೋರ್ಡಿನ ಮುಂದೆ ನಾಲ್ಕು ಜನ ಆಪರೇಟರುಗಳು ಕರೆ ಬಂದ ದೀಪ ಹೊತ್ತಿಕೊಳ್ಳಲಿ ಎಂದು ಕಾಯುತ್ತ ಕೂತಿರುತ್ತಿದ್ದೆವು. ಇಷ್ಟು ಒಳ್ಳೆಯ ಕಿವಿ ಇಟ್ಟುಕೊಂಡು ಏನು ಮಾಡುವುದು? ಒಂದು ಶನಿವಾರ ಮಧ್ಯಾಹ್ನ ಹೋಗಿ ಕೇಳಿದೆ: "ನಾನು ಓಡಿಸ್ತೀನಿ, ನೀವು ಕೈಯಿಟ್ಟು ನೋಡಿ. ಆಗಬಹುದಾ?"

ಅವರು ಕೈಯ ಗ್ರೀಸು ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಒಂದು ಕಾರಿನ ಕೀಲಿ ತಂದು ನನ್ನ ಕೈಗೆ ಹಾಕಿದರು.

ಒಂಬತ್ತು ವರ್ಷ ನಡೆಯಿತು ಇದು. ಶನಿವಾರ ಊಟವಾದ ಮೇಲೆ ನಾನು ಚಡಪಡಿಸುವುದನ್ನು ನೋಡಿ ನನ್ನ ಗಂಡ, "ಹೊರಡು ಮಾರಾಯ್ತಿ, ಯಾವುದೋ ಗಾಡಿ ಅಳ್ತಾ ಕೂತಿರುತ್ತೆ," ಎನ್ನುತ್ತಿದ್ದರು. ನಾನು ಓಡಿಸುವುದು, ಮೇಸ್ತ್ರಿ ಒಮ್ಮೆ ಬಾಗಿಲಿಗೆ, ಒಮ್ಮೆ ನೆಲಕ್ಕೆ ಅಂಗೈ ಒತ್ತಿಕೊಂಡು ಪಕ್ಕದಲ್ಲಿ ಕೂರುವುದು. ಹೆಂಗಸು ಓಡಿಸುವುದು, ಗಂಡಸು ಕಾರಿನ ನೆಲ ಸವರುವುದು, ನೋಡಿದವರು ಏನೆಂದುಕೊಂಡರೋ! ಜಗಳವೂ ಆಗುತ್ತಿತ್ತು. ಸದ್ದು ಇಲ್ಲಿಂದ ಬರುತ್ತಿದೆ ಎಂದು ನಾನು ಬಾಯಿ ಹಾಕಿದರೆ ಅವರಿಗೆ ಸಿಟ್ಟು. ಒಂದು ಕಾರಿನಲ್ಲಿ ಇಡೀ ಮಧ್ಯಾಹ್ನ ಮುಂದಿನ ಚಕ್ರ ಬಿಚ್ಚಿ ಜೋಡಿಸಿ ಸೋತೆವು. ಕೊನೆಗೆ ನೋಡಿದರೆ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಎರಡು ಸ್ಟೀಲು ಡಬ್ಬಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ನಾನು ನಕ್ಕೆ. ಅವರು ನಗಲಿಲ್ಲ. "ಖಾನೇಲಿ ಏನಿದೆ ಅಂತ ನಾನು ಬಿಚ್ಚೋಕ್ ಮೊದ್ಲೇ ಕೇಳ್ಬೇಕಿತ್ತು," ಎಂದು ಎರಡು ದಿನ ಅದಕ್ಕೇ ಕೊರಗಿದರಂತೆ.

ಎರಡು ಸಾವಿರದ ಐದರ ಹೊತ್ತಿಗೆ ಅವರ ಹೃದಯ ಸೋಲತೊಡಗಿತು. ಡಾಕ್ಟರು ಜಾಕು ಒತ್ತಕೂಡದು, ಭಾರ ಎತ್ತಕೂಡದು ಎಂದರು. ವರ್ಕ್‌ಶಾಪಿಗೆ ಬೀಗ ಬಿತ್ತು. ಮುಂಭಾಗದ ಕೋಣೆಯಲ್ಲಿ ಮಂಚ ಹಾಕಿದ್ದರು. ಅದರ ಮೇಲೆ ಅವರು ಇದ್ದದ್ದು ಕಡಿಮೆ, ಅದರ ಸುತ್ತ ನಡೆದದ್ದೇ ಹೆಚ್ಚು. ನಡೆದರೆ ಏದುಸಿರು, ಕೂತರೆ ಸಂಕಟ.

ಒಂದು ದಿನ ನೋಡಲು ಹೋದಾಗ, "ಮೇಡಂ, ಹೊಸ ಗಾಡಿ ತಗೊಂಡ್ರಂತೆ. ಒಂದ್ ರೌಂಡ್ ಕರ್ಕೊಂಡ್ ಹೋಗ್ತೀರಾ?" ಎಂದರು. ಹೊಸದಲ್ಲ, ನನ್ನ ಮಟ್ಟಿಗೆ ಹೊಸದು. ಅವರ ಹೆಂಡತಿ ಬೇಡ ಎನ್ನುವ ಹಾಗೆ ನನ್ನ ಕಡೆ ನೋಡಿದರು. ಆಮೇಲೆ ಗಂಡನ ಮುಖ ನೋಡಿ, ತಾವೇ ಒಳಗಿನಿಂದ ಶಾಲು ತಂದು ಹೊದಿಸಿದರು.

ರಿಂಗ್ ರಸ್ತೆಗೆ ಒಯ್ದೆ. ಸಂಜೆಯ ಬಿಸಿಲು, ಬೆಟ್ಟ ಎಡಗಡೆ. ಅವರು ಎಂದಿನಂತೆ ಅಂಗೈ ಒತ್ತಿಕೊಂಡು ಕೂತರು. ಎಡಗೈ ಬಾಗಿಲಿಗೆ, ಬಲಗೈ ಸೀಟಿನ ಪಕ್ಕ ಕೆಳಗೆ. ಅರ್ಧ ಗಂಟೆಯಾದ ಮೇಲೆ ಮನೆಯ ಕಡೆ ತಿರುಗಿಸಿದೆ.

"ಬಲಗಡೆ ಹಿಂದಿನ್ ಚಕ್ರ," ಎಂದರು. "ಬೇರಿಂಗು. ಈಗ ತಾನೇ ಶುರುವಾಗ್ಯದೆ."

ನಾನು ಕಿವಿಗೊಟ್ಟೆ. "ನನಗೇನೂ ಕೇಳ್ತಿಲ್ಲವಲ್ಲ ಮೇಸ್ತ್ರಿ."

"ಇನ್ನೂ ಕೇಳಲ್ಲ. ಒಂದ್ ತಿಂಗ್ಳು ಹೋಗ್ಲಿ."

ಅದಾದ ಹನ್ನೆರಡನೆಯ ದಿನ ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು. ನಾನು ಹಲೋ ಎಂದೆ. ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಅಷ್ಟು ಸಾಕಾಯಿತು.

ಅವರ ಮನೆಯ ಹೊರಗೆ ನಿಂತ ಜನದಲ್ಲಿ ಅಗ್ರಹಾರದ ಆ ಹೂವಿನ ಹೆಂಗಸೂ ಇದ್ದಳು. ಮೇಸ್ತ್ರಿಯ ಕೊರಳಿಗೆ ತಾನೇ ಕಟ್ಟಿದ ಹಾರ ಹಾಕಿದಳು.

ಆಮೇಲಿನ ದಿನಗಳಲ್ಲಿ ಕಾರು ಹತ್ತಿದಾಗಲೆಲ್ಲ ನಾನು ರೇಡಿಯೋ ಹಾಕುತ್ತಿರಲಿಲ್ಲ, ಕಿಟಕಿ ಏರಿಸುತ್ತಿರಲಿಲ್ಲ. ಅವರು ಹೇಳಿದ ಸದ್ದು ಬೇಡ ಎಂದೂ ಅನಿಸುತ್ತಿತ್ತು, ಬರಲಿ ಎಂದೂ ಅನಿಸುತ್ತಿತ್ತು. ಐದು ವಾರದ ಮೇಲೆ, ನಂಜನಗೂಡಿನ ರಸ್ತೆಯಲ್ಲಿ, ಹಿಂದಿನಿಂದ ದೂರದ ವಿಮಾನದ ಹಾಗೆ ಒಂದು ಗುಂಯ್ ಶುರುವಾಯಿತು. ಗಾಡಿ ಬದಿಗೆ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ.

ನಾಲ್ಕು ದಿನ ಹಾಗೇ ಓಡಿಸಿದೆ. ಐದನೆಯ ದಿನ ಮನೆಯ ಹತ್ತಿರದ ಹೊಸ ಗ್ಯಾರೇಜಿಗೆ ಒಯ್ದೆ. ಸಮವಸ್ತ್ರ ಹಾಕಿದ ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗೆ ಒಂದು ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನ ಪರದೆ ನೋಡಿ, ಗಾಡಿಯನ್ನು ಅಂಗಳದಲ್ಲೇ ಒಂದು ಸುತ್ತು ತಿರುಗಿಸಿ ಬಂದ.

"ಏನೂ ಇಲ್ಲ ಮೇಡಂ. ಒಂದು ಫಾಲ್ಟೂ ತೋರಿಸ್ತಿಲ್ಲ. ನಿಮ್ಗೆ ಸುಮ್ನೆ ಅನ್ಸಿರ್ಬೇಕು."

"ಬಲಗಡೆ ಹಿಂದಿನ ಚಕ್ರ," ಎಂದೆ. "ಐವತ್ತು ದಾಟಿದ ಮೇಲೆ ಬರುತ್ತೆ. ಎಡಕ್ಕೆ ತಿರುಗಿಸಿದರೆ ಜೋರು, ಬಲಕ್ಕೆ ತಿರುಗಿಸಿದರೆ ಕಡಿಮೆ. ಬೇರಿಂಗು. ಬಿಚ್ಚಿ ನೋಡಪ್ಪ."

"ಯಾರ್ ಹೇಳಿದ್ರು ಮೇಡಂ?"

"ಯಾರೂ ಹೇಳಬೇಕಾಗಿಲ್ಲ," ಎಂದೆ. "ನನಗೆ ಕೇಳಿಸ್ತಿದೆ."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಹೋಗಿ ಜಾಕು ಎಳೆದುಕೊಂಡು ಬಂದ.